ಹತ್ತರ ನಂತರ ಹದಿನೈದು

1997ರಲ್ಲಿ ನಾನು ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿದ್ದ ಒಂದು ಖಾಸಗಿ ಫೌಂಡ್ರಿಯಲ್ಲಿ ಕಂಪ್ಯೂಟರ್ ವಿಭಾಗದ ಅಧಿಕಾರಿಯಾಗಿದ್ದೆ. ವಿಭಾಗ ಎಂದರೆ ನಾನು, ಡೇಟಾ ಎಂಟ್ರಿಗೆ ಒಬ್ಬ ಸಹಾಯಕಿ, ಎರಡು ಕೋಣೆ ಮತ್ತು ಒಂದು ಏಸಿ. ಆ ಏಸಿ ಹಾಕಿಸಿದ್ದು ಕಂಪ್ಯೂಟರಿಗಾಗಿ ಎಂಬುದನ್ನು ವರ್ಕ್ಸ್ ಮ್ಯಾನೇಜರ್ ವಿಶ್ವನಾಥ್ ಅವರು ಬೇಸಿಗೆಯಲ್ಲಿ ನಮ್ಮ ಕೋಣೆಗೆ ಬಂದಾಗಲೆಲ್ಲ ನೆನಪಿಸುತ್ತಿದ್ದರು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಜೆ ತರಗತಿಗಳಲ್ಲಿ ಸಿ ಭಾಷೆ ಕಲಿತು ಸೇರಿದ್ದೆ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಬಾಡಿಗೆ ಮನೆಯಿಂದ ಹೊರಟು ಬೆಳಿಗ್ಗೆ ಏಳೂಕಾಲಿಗೆ ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದೆ. ಬರೆದ ಪ್ರೋಗ್ರಾಮ್ ಓಡಿತೆಂದರೆ ಇಡೀ ದಿನ ಖುಷಿಯಾಗಿರುತ್ತಿದ್ದ ವಯಸ್ಸು ಅದು.

ನಮ್ಮ ಫೌಂಡ್ರಿಯಲ್ಲಿ ತಯಾರಾಗುತ್ತಿದ್ದದ್ದು ಲಾರಿಯ ಸ್ಪ್ರಿಂಗನ್ನು ಚಾಸಿಗೆ, ಎಂದರೆ ಅಡಿಯ ಉಕ್ಕಿನ ಚೌಕಟ್ಟಿಗೆ, ಹಿಡಿದಿಡುವ ಎರಕದ ಬ್ರಾಕೆಟ್. ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಲೋಹಕ್ಕೆ 'ಹೀಟ್' ಎನ್ನುತ್ತಾರೆ. ಒಂದು ಹೀಟಿನಿಂದ ಹದಿನಾರು ಮರಳಿನ ಅಚ್ಚುಗಳಿಗೆ ಲೋಹ ಸುರಿಯುತ್ತಿದ್ದರು. ಪ್ರತಿ ಅಚ್ಚಿಗೂ ಒಂದರಿಂದ ಹದಿನಾರರವರೆಗೆ ನಂಬರು ಇತ್ತು, ಅದು ಬ್ರಾಕೆಟ್ಟಿನ ಮೈಮೇಲೆಯೇ ಮೂಡುತ್ತಿತ್ತು. ದಿನಕ್ಕೆ ಹನ್ನೆರಡು ಹೀಟ್. ಲೋಹ ಆರಿ, ಅಚ್ಚು ಒಡೆದ ಮೇಲೆ ಹದಿನಾರರಲ್ಲಿ ಒಂದನ್ನು ಲ್ಯಾಬಿಗೆ ಕಳಿಸಿ ಗರಗಸದಲ್ಲಿ ಕೊಯ್ದು ನೋಡಬೇಕು. ಒಳಗೆ ಗಾಳಿ ಸೇರಿ ತೂತು ಬಿದ್ದಿದ್ದರೆ ಅದನ್ನು ಬ್ಲೋ ಹೋಲ್ ಎನ್ನುತ್ತಾರೆ. ಅದು ಸಿಕ್ಕರೆ ಆ ಹೀಟಿನ ಹದಿನಾರೂ ಮತ್ತೆ ಕುಲುಮೆಗೆ.

ಯಾವ ನಂಬರನ್ನು ಕೊಯ್ಯುತ್ತಾರೆ ಎಂಬುದು ಮೊದಲೇ ಯಾರಿಗೂ ಗೊತ್ತಾಗಬಾರದು. ಪರೀಕ್ಷೆಯ ಜೀವವೇ ಅದು. ಆ ನಂಬರನ್ನು ಆರಿಸುವ ಪ್ರೋಗ್ರಾಮ್ ನನ್ನದು. ಸಿ ಭಾಷೆಯ ಜೊತೆ ಬರುವ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದು ನಮ್ಮ ಬಳಕೆಗೆ ಕೊಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟಿನಲ್ಲಿ, 'ರ‍್ಯಾಂಡ್' ಎಂಬ ಒಂದು ಸಾಧನವಿದೆ. ಕರೆದಾಗಲೆಲ್ಲ ಒಂದು ದೊಡ್ಡ ಸಂಖ್ಯೆ ಕೊಡುತ್ತದೆ. ಅದನ್ನು ಹದಿನಾರರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದು ಕೂಡಿಸಿದರೆ ನಮ್ಮ ನಂಬರು. ಒಂದೇ ಸಾಲಿನ ಕೆಲಸ. ಅಚ್ಚು ಒಡೆದ ಮೇಲೆ ಅಚ್ಚು ಕಟ್ಟುವ ವಿಭಾಗದ, ಅಂದರೆ ಮೌಲ್ಡಿಂಗ್ ಶಾಪಿನ, ಟರ್ಮಿನಲ್ಲಿನಲ್ಲಿ ಹೀಟ್ ನಂಬರು ಒತ್ತಿದರೆ ಪ್ರಿಂಟರು ಕೊಯ್ಯಬೇಕಾದ ನಂಬರಿನ ಒಂದು ಚೀಟಿ ಕೊಡುತ್ತಿತ್ತು.

ಮೊದಲು ಇದು ಒಂದು ಸಣ್ಣ ಪಿಸಿಯಲ್ಲಿ ಓಡುತ್ತಿತ್ತು. ಆ ವರ್ಷದ ಜನವರಿಯ ಕೊನೆಯಲ್ಲಿ ಯುನಿಕ್ಸ್ ವ್ಯವಸ್ಥೆಯ ದೊಡ್ಡ ಯಂತ್ರ ಬಂತು. ನನ್ನ ಪ್ರೋಗ್ರಾಮನ್ನು ಒಂದಕ್ಷರ ಬದಲಿಸದೆ ಅದಕ್ಕೆ ಸಾಗಿಸಿದೆ. ಸಾಗಿಸಿದ ಮೇಲೆ ಪರೀಕ್ಷೆಯನ್ನೂ ಮಾಡಿದೆ. ಸಾವಿರದ ಆರುನೂರು ಸಲ ಓಡಿಸಿ, ಯಾವ ನಂಬರು ಎಷ್ಟು ಸಲ ಬಂತು ಎಂದು ಎಣಿಸಿದೆ. ಪಿಸಿಯಲ್ಲಿ ಹೀಗೆ ಮಾಡಿದ್ದಾಗ ಒಂದಕ್ಕೆ 91, ಇನ್ನೊಂದಕ್ಕೆ 108 ಹೀಗೆ ಏರುಪೇರು ಇತ್ತು. ಹೊಸ ಯಂತ್ರದಲ್ಲಿ ಹದಿನಾರು ನಂಬರಿಗೂ ತಲಾ ನೂರು! ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ದುಬಾರಿ ಯಂತ್ರ ಎಂದರೆ ಇದು ಎಂದುಕೊಂಡು ಆ ಕಾಗದವನ್ನು ವಿಶ್ವನಾಥ್ ಅವರಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡೆ.

ಜೂನ್ ಕೊನೆಯಲ್ಲಿ ಗಿರಾಕಿ ಕಂಪನಿಯಿಂದ ದೂರು ಬಂತು. ಅವರು ತಮ್ಮಲ್ಲಿಗೆ ಬಂದ ಬ್ರಾಕೆಟ್ಟುಗಳಲ್ಲಿ ಐವತ್ತನ್ನು ಕೊಯ್ದು ನೋಡಿದ್ದರು. ಮೂರರಲ್ಲಿ ಬ್ಲೋ ಹೋಲ್. ಲೋಡು ಹೊತ್ತ ಲಾರಿ ಘಾಟಿ ಇಳಿಯುವಾಗ ಇಂಥ ಬ್ರಾಕೆಟ್ ಮುರಿದರೆ ಏನಾಗುತ್ತದೆ ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಆದರೆ ನಮ್ಮ ಲ್ಯಾಬಿನ ದಾಖಲೆಯಲ್ಲಿ ಐದು ತಿಂಗಳಿಂದ ಎಲ್ಲ ಸುಸೂತ್ರ. ಸುಮಾರು ಸಾವಿರದ ಐನೂರು ಹೀಟುಗಳಲ್ಲಿ ಫೇಲ್ ಆದದ್ದು ಕೇವಲ ಆರು. ಅದಕ್ಕೆ ಹಿಂದಿನ ಐದು ತಿಂಗಳಲ್ಲಿ ಅರವತ್ತೊಂದು ಫೇಲ್ ಆಗಿದ್ದವು. ಗುಣಮಟ್ಟ ಏರಿದ್ದು ಅದೇ ಸುಮಾರಿಗೆ ಬಂದಿದ್ದ ಮರಳು ಕಲಸುವ ಹೊಸ ಯಂತ್ರದಿಂದ ಎಂದು ನಾವೆಲ್ಲ ನಂಬಿದ್ದೆವು.

ಲ್ಯಾಬಿನ ಹೊಣೆ ತಿಮ್ಮಪ್ಪ ಎಂಬವರದು. ಹದಿನೇಳು ವರ್ಷ ಸರ್ವಿಸು, ಮಿತ ಮಾತು, ಗರಗಸದ ಪುಡಿ ಅಂಟಿದ ಖಾಕಿ ಕೋಟು. ಅವರು ಕೆಟ್ಟ ತುಂಡುಗಳನ್ನು ಪಾಸ್ ಮಾಡಿ ಸುಳ್ಳು ವರದಿ ಬರೆದಿದ್ದಾರೆ ಎಂಬ ಅನುಮಾನ ಬಂತು. ವಿಶ್ವನಾಥ್ ನನ್ನನ್ನು ಕರೆಸಿ ನೇರವಾಗಿ ಕೇಳಿದರು.

"ಏನಮ್ಮಾ, ನಿನ್ನ ಪ್ರೋಗ್ರಾಮ್ ಸರಿ ಇದೆಯಾ? ನಂಬರು ಆರಿಸೋದ್ರಲ್ಲಿ ಯಾರಾದ್ರೂ ಕೈ ಆಡಿಸ್ಬಹುದಾ?"

"ನೂರಕ್ಕೆ ನೂರು ಸರಿ ಇದೆ ಸರ್. ಯಾರಿಂದ್ಲೂ ಸಾಧ್ಯವಿಲ್ಲ."

"ಹಾಗಂತ ಬರೆದುಕೊಡು."

ಬರೆದುಕೊಟ್ಟೆ, ಸಹಿ ಹಾಕಿದೆ. ಆಯ್ಕೆಯಲ್ಲಿ ಮೋಸವಿಲ್ಲ ಎಂದಾದ ಮೇಲೆ ಉಳಿದದ್ದು ಲ್ಯಾಬ್ ಮಾತ್ರ. ಮರುದಿನವೇ ತಿಮ್ಮಪ್ಪನವರನ್ನು ಸಸ್ಪೆಂಡ್ ಮಾಡಿದರು. ವಿಚಾರಣೆ ಮುಂದಿನ ವಾರದ ಸೋಮವಾರಕ್ಕೆ ನಿಗದಿಯಾಯಿತು. ನನಗೆ ಬೇಸರವಾಯಿತು, ನಿಜ. ಆದರೆ ನನ್ನ ಸಹಿಗೂ ಅವರು ಗೇಟಿನಾಚೆ ನಿಂತದ್ದಕ್ಕೂ ಸಂಬಂಧವಿದೆ ಎಂದು ಅವತ್ತು ಹೊಳೆಯಲಿಲ್ಲ.

ವಿಚಾರಣೆಗೆ ಮೂರು ದಿನ ಮುಂಚೆ, ಶುಕ್ರವಾರ ಬೆಳಿಗ್ಗೆ, ಹಳೆಯ ಚೀಟಿಗಳ ಕಟ್ಟು ತರಲು ಮೌಲ್ಡಿಂಗ್ ಶಾಪಿಗೆ ಹೋದೆ. ಅಲ್ಲಿ ಆರುಮುಗಂ ಎಂಬ ಕೆಲಸಗಾರರಿದ್ದರು. ಭದ್ರಾವತಿಯ ಜನ್ನಾಪುರದವರು, ಮನೆಮಾತು ತಮಿಳು. ಚೀಟಿಯಲ್ಲಿ ಬಂದ ನಂಬರಿನ ಬ್ರಾಕೆಟ್ಟನ್ನು ಹುಡುಕಿ, ಕೆಂಪು ಬಣ್ಣದಲ್ಲಿ ಸುತ್ತು ಬಳಿದು ಲ್ಯಾಬಿನ ಗಾಡಿಗೆ ಹಾಕುವುದು ಅವರ ಕೆಲಸ. ಆಗ ತಾನೇ ಒಂದು ಹೀಟಿನ ಅಚ್ಚು ಒಡೆದಿದ್ದರು. ಟರ್ಮಿನಲ್ಲಿನ ಗುಮಾಸ್ತ ಇನ್ನೂ ಹೀಟ್ ನಂಬರು ಒತ್ತುತ್ತಿದ್ದ. ಅಷ್ಟರಲ್ಲೇ ಆರುಮುಗಂ ಬ್ರಷ್ಷಿನಿಂದ ಒಂದು ಬ್ರಾಕೆಟ್ಟಿಗೆ ಕೆಂಪು ಸುತ್ತು ಹಾಕಿ ಮುಗಿಸಿದ್ದರು. ನಂಬರು ಹದಿನೈದು.

ಕರಕರ ಸದ್ದು ಮಾಡುತ್ತ ಪ್ರಿಂಟರಿನಿಂದ ಚೀಟಿ ಹೊರಬಂತು. ಹದಿನೈದು.

"ಆರುಮುಗಂ, ಚೀಟಿ ಬರೋ ಮುಂಚೆ ಹೇಗೆ ಬಳಿದ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಈಗ ಹೋದದ್ದು ಹತ್ತು ಅಲ್ವಾ ಮೇಡಂ? ಹತ್ತರ ನಂತರ ಹದಿನೈದೇ ತಾನೇ ಬರೋದು?"

"ಹದಿನೈದಾದ್ಮೇಲೆ?"

"ಹದಿನಾರು. ಆಮೇಲೆ ಹದಿಮೂರು, ಆರು, ಹನ್ನೊಂದು, ಹನ್ನೆರಡು, ಒಂಬತ್ತು, ಎರಡು..." ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಲೇ ಹೋದರು. "ನೀವೇ ಮಾಡಿದ ಲೆಕ್ಕ ಅಲ್ವಾ ಮೇಡಂ? ಹೊಸಾ ಕಂಪ್ಯೂಟರ್ ಬಂದಾಗಿಂದ ಹೀಗೇ ಇದೆ. ನಾನು ಇದೇ ರೂಲ್ ಅಂದ್ಕೊಂಡಿದ್ದೆ."

ಮುಂದಿನ ಚೀಟಿಗಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಕಾಯಬೇಕಿತ್ತು, ಅಷ್ಟು ತಾಳ್ಮೆ ನನಗಿರಲಿಲ್ಲ. ಚೀಟಿಗಳ ಕಟ್ಟನ್ನು ಎದೆಗವಚಿಕೊಂಡು ಕೋಣೆಗೆ ಹೆಚ್ಚು ಕಡಿಮೆ ಓಡಿದೆ. ಒಂದು ದೊಡ್ಡ ಗ್ರಾಫ್ ಹಾಳೆಯ ಮೇಲೆ ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಮನೆ ಎಳೆದೆ. ಎಡಬದಿಯಲ್ಲಿ ಈಗಿನ ನಂಬರು, ಮೇಲ್ಗಡೆ ಅದರ ಬೆನ್ನಿಗೇ ಬಂದ ಮುಂದಿನ ನಂಬರು. ಸಹಾಯಕಿ ಒಂದೊಂದು ದಿನದ ಚೀಟಿಗಳನ್ನು ಬೇರೆಬೇರೆಯಾಗಿ ಓದುತ್ತಿದ್ದಳು, ನಾನು ಆಯಾ ಮನೆಯಲ್ಲಿ ಗೀಟು ಹಾಕುತ್ತಿದ್ದೆ. ಆರಿಸುವುದು ನಿಜವಾಗಿ ಮನಬಂದಂತೆ ನಡೆದಿದ್ದರೆ ಇನ್ನೂರ ಐವತ್ತಾರು ಮನೆಗಳಲ್ಲೂ ಚೆದುರಿದ ಗೀಟುಗಳು ಬೀಳಬೇಕು. ಒಂದು ತಿಂಗಳ ಚೀಟಿ ಮುಗಿಯುವ ಹೊತ್ತಿಗೆ ಗೀಟು ಬಿದ್ದದ್ದು ಹದಿನಾರೇ ಮನೆಗಳಲ್ಲಿ. ಉಳಿದ ಇನ್ನೂರ ನಲವತ್ತು ಮನೆಗಳು ಖಾಲಿ.

"ಮೇಡಂ, ಇದೇನು ರಂಗೋಲಿ ಹಾಗೆ ಬಂದ್ಬಿಡ್ತು!" ಎಂದಳು ಅವಳು.

ನನಗೆ ಭಯವೂ ಆಯಿತು, ಮೈ ಜುಮ್ಮೆನ್ನುವ ಸಂತೋಷವೂ ಆಯಿತು. ಗಣಿತ ಓದಿದವಳಿಗೆ ಇಂಥ ನೋಟ ಜೀವನದಲ್ಲಿ ಒಂದೋ ಎರಡೋ ಸಲ ಸಿಗುತ್ತದೆ. ಜನವರಿಯಲ್ಲಿ ತಲಾ ನೂರು ಬಂದದ್ದು ಏಕೆಂದು ಆ ಕ್ಷಣಕ್ಕೆ ಹೊಳೆಯಿತು. ಒಂದೇ ಸರಪಳಿ ನೂರು ಸಲ ಸುತ್ತಿತ್ತು! ಹದಿನಾರು ನಂಬರೂ ಸುತ್ತಿಗೊಂದು ಸಲ ಹಾಜರಿ ಹಾಕಿ ಹೋಗಿದ್ದವು. ನಾನು ಗುಣವೆಂದು ಮೆರೆಸಿದ್ದೇ ರೋಗದ ಲಕ್ಷಣವಾಗಿತ್ತು.

ಆದರೆ ಹಳೆಯ ಪಿಸಿಯಲ್ಲಿ ಹೀಗೇಕೆ ಆಗಿರಲಿಲ್ಲ? ಯುನಿಕ್ಸ್ ಯಂತ್ರದ ಜೊತೆ ಬಂದಿದ್ದ ದಪ್ಪ ಮ್ಯಾನ್ಯುಯಲ್ ತೆಗೆದೆ. ಐದು ತಿಂಗಳಲ್ಲಿ ಆ ಪುಟವನ್ನು ನಾನು ತೆರೆದೇ ಇರಲಿಲ್ಲ. ರ‍್ಯಾಂಡ್ ಬಗ್ಗೆ ಬರೆದ ಪುಟದ ಕೊನೆಯಲ್ಲಿ, ದೋಷಗಳು ಎಂಬ ತಲೆಬರಹದ ಕೆಳಗೆ, ಸಂಖ್ಯೆಯ ಕೊನೆಯ ಭಾಗ ಚಕ್ರದಂತೆ ಮರಳಿ ಬರುತ್ತದೆ ಎಂಬ ಅರ್ಥದ ಎಚ್ಚರಿಕೆ ಇತ್ತು.

ಓದುಗರಿಗೆ ಇದನ್ನು ಸರಳವಾಗಿ ಹೇಳುತ್ತೇನೆ. ಕಂಪ್ಯೂಟರಿಗೆ ಮನಬಂದಂತೆ ಆರಿಸಲು ಮನಸ್ಸಿಲ್ಲ. ಹಿಂದಿನ ಸಂಖ್ಯೆಯನ್ನು ಯಾವುದೋ ಒಂದರಿಂದ ಗುಣಿಸಿ, ಇನ್ನೊಂದನ್ನು ಕೂಡಿಸಿ ಮುಂದಿನದನ್ನು ಹುಟ್ಟಿಸುತ್ತದೆ. ಮೂರರಿಂದ ಶುರುಮಾಡಿ, ಪ್ರತಿ ಸಲ 21ರಿಂದ ಗುಣಿಸಿ 7 ಕೂಡಿಸಿ ನೋಡಿ: 3, 70, 1477, 31024, 651511. ಮೊದಲ ಅಂಕಿಗಳು ಎಲ್ಲೆಲ್ಲೋ ಹಾರುತ್ತವೆ. ಕೊನೆಯ ಅಂಕಿ ಮಾತ್ರ ನೋಡಿ: 3, 0, 7, 4, 1. ಪ್ರತಿ ಸಲ ಏಳೇಳು ಹೆಜ್ಜೆ, ಹತ್ತು ಸಲಕ್ಕೆ ಮತ್ತೆ ಮೂರು. ಯಂತ್ರ ಎಣಿಸುವುದು ಹತ್ತರ ಲೆಕ್ಕದಲ್ಲಲ್ಲ, ಎರಡರ ಲೆಕ್ಕದಲ್ಲಿ; ಹದಿನಾರು ಎರಡೆರಡೇ ಗುಣಿಸಿ ಬಂದ ಸಂಖ್ಯೆ. ಹಾಗಾಗಿ ಹದಿನಾರರಿಂದ ಭಾಗಿಸಿ ಶೇಷ ತೆಗೆದರೆ ಸಿಗುವುದು ಸರಿಯಾಗಿ ಅಂಥದೇ ಕೊನೆಯ ತುದಿ. ಪಿಸಿಯ ಲೈಬ್ರರಿ ಬರೆದವರು ಆ ತುದಿಯನ್ನು ಕತ್ತರಿಸಿ, ಮೊದಲ ಭಾಗವನ್ನಷ್ಟೇ ಕೊಡುತ್ತಿದ್ದರು. ಈ ಯಂತ್ರದ ಲೈಬ್ರರಿ ಬರೆದವರು ಇಡೀ ಸಂಖ್ಯೆಯನ್ನು ಹಾಗೆಯೇ ಕೊಡುತ್ತಿದ್ದರು. ಹೆಸರು ಒಂದೇ, ನನ್ನ ಸಾಲೂ ಒಂದೇ, ಒಳಗಿನ ಸರಕು ಬೇರೆ.

ದಿನವೂ ಬೆಳಿಗ್ಗೆ ಯಂತ್ರದ ಗಡಿಯಾರ ನೋಡಿ ಪ್ರೋಗ್ರಾಮ್ ಹೊಸದಾಗಿ ಶುರುವಾಗುತ್ತಿತ್ತು. ಹಾಗಾಗಿ ದಿನದ ಮೊದಲ ನಂಬರು ಯಾವುದೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಒಂದು ಸಲ ಅದು ಬಂತೆಂದರೆ ಉಳಿದ ಹನ್ನೊಂದೂ ತೆರೆದ ಪುಸ್ತಕ.

ಇಷ್ಟು ಯೋಚಿಸುವಾಗ ಕುರ್ಚಿಯಿಂದ ಎದ್ದು ನಿಂತೆ. ಮೊದಲ ಹೀಟ್! ಫೇಲ್ ಆದ ಆ ಆರು ಹೀಟುಗಳು ಯಾವುವು? ಲ್ಯಾಬಿನ ರಿಜಿಸ್ಟರು ವಿಚಾರಣೆಗೆಂದು ನನ್ನ ಮೇಜಿನ ಮೇಲೇ ಇತ್ತು. ಒಂದೊಂದೇ ಹುಡುಕಿದೆ. ಮೊದಲನೆಯದು, ದಿನದ ಮೊದಲ ಹೀಟ್. ಎರಡನೆಯದು, ದಿನದ ಮೊದಲ ಹೀಟ್. ಮೂರು, ನಾಲ್ಕು, ಐದು, ಆರು. ಆರೂ ದಿನದ ಮೊದಲ ಹೀಟುಗಳೇ! ಯಾವ ತುಂಡು ಪರೀಕ್ಷೆಗೆ ಹೋಗುತ್ತದೆಂದು ಗೊತ್ತಿಲ್ಲದಿದ್ದಾಗ ಮಾತ್ರ ನಮ್ಮ ಎರಕ ಫೇಲ್ ಆಗಿತ್ತು. ತಿಮ್ಮಪ್ಪ ಸುಳ್ಳು ಬರೆಯುವವರಾಗಿದ್ದರೆ ಮೊದಲ ಹೀಟನ್ನು ಮಾತ್ರ ಬಿಟ್ಟು ಸುಳ್ಳು ಬರೆಯಲು ಅವರಿಗೇನು ಹರಕೆಯೇ? ಅವರು ಕಂಡದ್ದನ್ನೇ ಬರೆದಿದ್ದರು. ಅವರ ಕೈಗೆ ಬರುತ್ತಿದ್ದ ತುಂಡುಗಳೇ ಮೊದಲೇ ಸಿಂಗಾರ ಮಾಡಿ ಕಳಿಸಿದಂಥವು.

ಶನಿವಾರ ಬೆಳಿಗ್ಗೆ ವಿಶ್ವನಾಥ್ ಅವರ ಮುಂದೆ ಗ್ರಾಫ್ ಹಾಳೆ ಹರಡಿದೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ಇದೆಲ್ಲ ನಿನ್ನ ಗಣಿತ ಆಯ್ತಮ್ಮ. ಶಾಪಲ್ಲಿ ಕೆಲಸ ಮಾಡೋರಿಗೆ ಇದು ತಿಳಿಯುತ್ತಾ?"

"ನಂಗೆ ಹೇಳಿಕೊಟ್ಟಿದ್ದೇ ಅವರು ಸರ್."

ಆರುಮುಗಂ ಅವರನ್ನು ಕರೆಸಿ, ಮ್ಯಾನೇಜರನ್ನೂ ನಮ್ಮ ಕೋಣೆಗೆ ಕರೆತಂದೆ. ಮೌಲ್ಡಿಂಗ್ ಸೂಪರ್‌ವೈಸರ್ ಬಸವರಾಜಪ್ಪನವರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಪ್ರೋಗ್ರಾಮಿನ ಒಂದು ಪ್ರತಿಯನ್ನು ಹೊಸದಾಗಿ ಶುರುಮಾಡಿದೆ. ಪರದೆಯ ಮೇಲೆ ಮೊದಲ ನಂಬರು ಮೂಡಿತು: 5. ವಿಶ್ವನಾಥ್ ಒಂದು ಫೈಲಿನಿಂದ ಪರದೆಯನ್ನು ಮುಚ್ಚಿ ಹಿಡಿದರು.

"ಮುಂದಿಂದು ಏನಪ್ಪಾ?"

"ಹದಿನಾಲ್ಕು ಸಾರ್."

ನಾನು ಕೀ ಒತ್ತಿದೆ. ಅವರು ಫೈಲು ಸರಿಸಿದರು. 14.

"ಮೂರು," ಎಂದರು ಆರುಮುಗಂ. 3.

"ನಾಲ್ಕು." 4.

"ಒಂದು." 1.

ವಿಶ್ವನಾಥ್ ಮತ್ತೆ ಫೈಲಿನಿಂದ ಪರದೆ ಮುಚ್ಚಿದರು. "ಮುಂದೆ?"

"ಹತ್ತು. ಆಮೇಲೆ ಹದಿನೈದು. ನೀವು ಪರದೆ ಮುಚ್ಚಿಟ್ಟೇ ಇರಿ ಸಾರ್, ನಾನು ಎಲ್ಲಾ ಹೇಳ್ಬಿಡ್ತೀನಿ." ಹೇಳಿಯೂ ಬಿಟ್ಟರು. ಹದಿನಾರಕ್ಕೆ ಹದಿನಾರೂ ಸರಿ. ಸಹಾಯಕಿ ಚಪ್ಪಾಳೆ ತಟ್ಟಿ, ತಕ್ಷಣ ಕೈ ಹಿಂದಕ್ಕೆಳೆದುಕೊಂಡಳು. ನಾನಂತೂ ಮ್ಯಾನೇಜರ್ ಎದುರಿಗಿದ್ದಾರೆಂಬುದನ್ನು ಮರೆತು "ನೋಡಿದ್ರಾ!" ಎಂದು ಕೂಗಿದ್ದೆ.

ವಿಶ್ವನಾಥ್ ಮೆಲ್ಲಗೆ ಬಾಗಿಲಿನ ಕಡೆ ತಿರುಗಿದರು. "ಬಸವರಾಜಪ್ಪ, ನಿಮಗೆ ಇದು ಗೊತ್ತಿತ್ತಾ?"

ಬಸವರಾಜಪ್ಪ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದರು. ಆಮೇಲೆ ಹೇಳಿದರು: "ಗೊತ್ತಿತ್ತು ಸಾರ್. ಫೆಬ್ರವರಿ ಮೊದಲ ವಾರದಿಂದ. ರಿಜೆಕ್ಷನ್ ಇಳಿಸಿ ಇಳಿಸಿ ಅಂತ ನೀವು ದಿನಾ ತಲೆ ಮೇಲೆ ಕೂತ್ಕೊಂಡ್ರಿ. ಯಾವ ಅಚ್ಚು ಲ್ಯಾಬಿಗೆ ಹೋಗುತ್ತೋ ಅದಕ್ಕೆ ಮರಳು ಸರಿಯಾಗಿ ದಮ್ಮಾಸು ಮಾಡ್ಸಿದೆ, ಗಾಳಿ ಹೋಗೋಕೆ ತೂತು ಜಾಸ್ತಿ ಹಾಕ್ಸಿದೆ, ಮೊದಲ ಬಿಸಿ ಲೋಹ ಅದಕ್ಕೇ ಹುಯ್ಸಿದೆ. ತಿಮ್ಮಪ್ಪಂಗೆ ಇದು ತಿಳೀದು. ಅವ್ರನ್ನ ಮನೆಗೆ ಕಳ್ಸಿದ್ ದಿನದಿಂದ ನಂಗೆ ಊಟ ಸೇರ್ತಿಲ್ಲ."

"ಮತ್ತೆ ಬಾಯಿ ಯಾಕೆ ಬಿಡ್ಲಿಲ್ಲ ಮಾರಾಯ?"

"ಕಂಪ್ಯೂಟರ್ ಸರಿ ಇದೆ ಅಂತ ಮೇಡಂ ಬರ್ಕೊಟ್ಟಿದ್ರು ಸಾರ್. ನನ್ನ ಮಾತು ಯಾರು ಕೇಳ್ತಾರೆ ಅನ್ಕೊಂಡೆ."

ಆ ಮಾತು ಕೇಳಿ ನಾನು ಓಡುತ್ತಿದ್ದ ಪ್ರೋಗ್ರಾಮನ್ನು ನಿಲ್ಲಿಸಿದೆ. ಒಂದು ನಿಮಿಷದ ಹಿಂದಿನ ಸಂಭ್ರಮ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಂದು ಮಧ್ಯಾಹ್ನವೇ ಪ್ರೋಗ್ರಾಮ್ ತಿದ್ದಿದೆ. ಶೇಷ ತೆಗೆಯುವುದನ್ನು ಬಿಟ್ಟು, ಸಂಖ್ಯೆಯ ಮೊದಲ ಭಾಗದಿಂದ ನಂಬರು ಬರುವಂತೆ ಮಾಡಿದೆ. ಬದಲಾದದ್ದು ಮತ್ತೆ ಒಂದೇ ಸಾಲು. ಆದರೆ ಈ ಸಲ ಗ್ರಾಫ್ ಹಾಳೆಯ ಇನ್ನೂರ ಐವತ್ತಾರು ಮನೆಗಳೂ ತುಂಬುವವರೆಗೆ ಓಡಿಸಿದೆ. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ, ಗಲೀಜಾಗಿ, ಸೊಗಸಾಗಿ ತುಂಬಿದವು. ಕೊನೆಗೆ ಆರುಮುಗಂ ಅವರನ್ನೇ ಕೂರಿಸಿ ಊಹಿಸಿ ಎಂದೆ. ಇಪ್ಪತ್ತು ಸಲದಲ್ಲಿ ಒಂದು ಸಲ ಸರಿಯಾಯಿತು. "ಇದು ಆಗಲ್ಲ ಮೇಡಂ, ಮಂಡೆ ಬಿಸಿ ಆಗುತ್ತೆ," ಎಂದು ನಗುತ್ತ ಎದ್ದುಹೋದರು. ನನಗೆ ಸಿಕ್ಕ ಅತ್ಯುತ್ತಮ ಪ್ರಮಾಣಪತ್ರ ಅದು.

ಸೋಮವಾರದ ವಿಚಾರಣೆಗೆ ಹೇಳಿಕೆ ಬರೆಯುವಾಗ ತಾಂತ್ರಿಕ ಕಾರಣಗಳಿಂದ ಎಂದು ಬರೆದರೆ ಸಾಕು ಎಂದು ವಿಶ್ವನಾಥ್ ಸೂಚಿಸಿದರು. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಯಂತ್ರ ಬದಲಿಸಿದಾಗ ಮ್ಯಾನ್ಯುಯಲ್ ಓದಲಿಲ್ಲ, ಎಣಿಕೆ ನೋಡಿದೆ, ಅನುಕ್ರಮ ನೋಡಲಿಲ್ಲ, ಪೂರ್ತಿ ಪರೀಕ್ಷಿಸದೆ ನೂರಕ್ಕೆ ನೂರು ಎಂದು ಸಹಿ ಹಾಕಿದೆ ಎಂದು ಬರೆದು ನನ್ನ ಹೆಸರು ಹಾಕಿದೆ. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಬಸವರಾಜಪ್ಪನವರನ್ನು ಬೇರೆ ಶಾಪಿಗೆ ಹಾಕಿದರು. ಗಿರಾಕಿಯ ಗೋದಾಮಿನಲ್ಲಿದ್ದ ಬ್ರಾಕೆಟ್ಟುಗಳೂ, ಲಾರಿಗಳಿಗೆ ಹಾಕಿಯಾಗಿದ್ದವೂ ವಾಪಸು ಬಂದು ಎಲ್ಲವೂ ಕುಲುಮೆ ಸೇರಿದವು. ಒಂದೂ ರಸ್ತೆಯಲ್ಲಿ ಮುರಿದಿರಲಿಲ್ಲ. ಅದು ನಮ್ಮ ಪುಣ್ಯ.

ಮಂಗಳವಾರ ತಿಮ್ಮಪ್ಪ ಕೆಲಸಕ್ಕೆ ಬಂದರು. ಅದೇ ಖಾಕಿ ಕೋಟು. ನಾನು ಲ್ಯಾಬಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಗರಗಸ ನಿಲ್ಲಿಸಿ, ಕೈ ಒರೆಸಿಕೊಂಡು, ನನಗೊಂದು ಸ್ಟೂಲು ಎಳೆದುಕೊಟ್ಟರು.

"ನೀವು ಬರೆದದ್ದನ್ನ ಓದಿ ಹೇಳಿದ್ರು ಮೇಡಂ. ಹಾಗೆ ಬರೆಯೋರು ಕಡಿಮೆ. ಆದ್ರೆ ಒಂದು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೊದಲ ಕಾಗದಕ್ಕೆ ಸಹಿ ಹಾಕೋ ಮುಂಚೆ ನನ್ನ ಹತ್ರ ಬಂದು, 'ತಿಮ್ಮಪ್ಪ, ನಿಮಗೇನನ್ಸುತ್ತೆ' ಅಂತ ಒಂದ್ ಮಾತು ಕೇಳ್ಬಹುದಿತ್ತು. ಬರೀ ಮೊದಲ ಹೀಟೇ ಫೇಲಾಗ್ತಿರೋದು ನಾನು ಮಾರ್ಚಲ್ಲೇ ಗಮನಿಸಿದ್ದೆ. ಕೇಳೋರು ಇರ್ಲಿಲ್ಲ."

ಅವರು ಗರಗಸ ಮತ್ತೆ ಶುರುಮಾಡಿದರು.

ಆಮೇಲೆ ನಾನು ಬೇರೆ ಬೇರೆ ಕಡೆ ಇನ್ನೂ ಬಹಳ ವರ್ಷ ಪ್ರೋಗ್ರಾಮ್ ಬರೆದೆ. ಪ್ರೋಗ್ರಾಮ್ ಸರಿ ಇದೆಯಾ ಎಂದು ಯಾರಾದರೂ ಕೇಳಿದರೆ ನೂರಕ್ಕೆ ನೂರು ಎಂಬ ಮಾತು ಮತ್ತೆ ನನ್ನ ಬಾಯಿಂದ ಬರಲಿಲ್ಲ. ಇಷ್ಟನ್ನು ನೋಡಿದ್ದೇನೆ, ಇಷ್ಟನ್ನು ನೋಡಿಲ್ಲ, ಸಹಿ ಹಾಕಲು ಎರಡು ದಿನ ಬೇಕು ಎನ್ನುತ್ತಿದ್ದೆ. ಆ ಎರಡು ದಿನಗಳಲ್ಲಿ ಪ್ರೋಗ್ರಾಮಿನ ಜೊತೆ ದಿನವೂ ದುಡಿಯುವವರ ಹತ್ತಿರವೂ, ಅದು ತಪ್ಪಿದರೆ ಪೆಟ್ಟು ತಿನ್ನುವವರ ಹತ್ತಿರವೂ ಹೋಗಿ ಕೂರುತ್ತಿದ್ದೆ. ಒಬ್ಬ ಮೇಲಧಿಕಾರಿ ಇದನ್ನು ಅಂಜುಬುರುಕತನ ಎಂದು ನನ್ನ ವಾರ್ಷಿಕ ವರದಿಯಲ್ಲಿ ಬರೆದರು. ಅದರ ಕೆಳಗೆ ಮಾತ್ರ ಎರಡು ದಿನ ಕೇಳದೆ ಕೂಡಲೇ ಸಹಿ ಹಾಕಿಕೊಟ್ಟೆ.